ಪಾಲಿಷ್ ಮಾಡಿ ಕಳೆದ ಲಕ್ಷಗಳು

(ಮಲ್ಲೇಶ್ವರದ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಆಚೀಚೆ ಹೋಗಿದ್ದನ್ನು ಸ್ವಲ್ಪ ನೇರ ಮಾಡಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ನಾನು ವಾಚ್ ರಿಪೇರಿಯವನು. ನಮ್ಮಪ್ಪನೂ ಅದೇ ಕೆಲಸದವರು. ಕಣ್ಣಿಗೆ ಐಗ್ಲಾಸ್ ಹಾಕಿಕೊಂಡು ತಲೆ ಬಗ್ಗಿಸಿ ಕೂರುವುದು ನಮ್ಮ ಕೆಲಸ. ತಲೆ ಎತ್ತಿ ಇಷ್ಟು ಜನರ ಎದುರು ಮಾತಾಡಿ ಅಭ್ಯಾಸ ಇಲ್ಲ. ಕಾರ್ಯದರ್ಶಿಗಳು "ಹಳೇ ವಾಚಿನ ಬೆಲೆ ಯಾಕಿಷ್ಟು ಏರಿದೆ ಅಂತ ಹೇಳಿ ಸಾಕು" ಅಂದರು. ಅದನ್ನು ಹೇಳಬೇಕಾದರೆ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

1994ನೇ ಇಸವಿ ಇರಬೇಕು. ಒಬ್ಬರು ಯಜಮಾನರು ಅಂಗಡಿಗೆ ಬಂದರು. ಕೈಯಲ್ಲಿ ಅವರ ತಂದೆಯ ಹಳೇ ರೋಲೆಕ್ಸ್. ಮೂಲದಲ್ಲಿ ಕಪ್ಪು ಡಯಲ್. ಬಿಸಿಲಿಗೋ ಬಣ್ಣದ ಗುಣಕ್ಕೋ ಅದು ಪೂರ್ತಿ ಕಂದಾಗಿತ್ತು, ಚೆನ್ನಾಗಿ ಕಾಯಿಸಿದ ಬೆಲ್ಲದ ಪಾಕದ ಬಣ್ಣ. ಮುಳ್ಳುಗಳ ಮೇಲೆ ಕತ್ತಲಲ್ಲಿ ಹೊಳೆಯಲೆಂದು ಹಾಕಿದ್ದ ಹೊಳಪಿನ ಪುಡಿ ಸತ್ತು ಕೆನೆಬಣ್ಣಕ್ಕೆ ತಿರುಗಿತ್ತು. ಕೇಸಿನ ತುಂಬಾ ಗೀರು. "ಮಗನ ಮದುವೆ ಇದೆ, ಹೊಸದರ ಹಾಗೆ ಮಾಡಿಕೊಡಪ್ಪ" ಎಂದರು. ಮಾಡಿಕೊಟ್ಟೆ. ಡಯಲ್‌ಗೆ ಹೊಸ ಕಪ್ಪು ಬಣ್ಣ ಹಾಕಿಸಿದೆ, ಅಕ್ಷರ ಹೊಸದಾಗಿ ಅಚ್ಚು ಹಾಕಿಸಿದೆ, ಮುಳ್ಳಿಗೆ ಹೊಸ ಹೊಳಪು ತುಂಬಿಸಿದೆ. ಕೇಸನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಮೂಲೆಗಳೆಲ್ಲ ದುಂಡಗಾಗುವ ತನಕ ಉಜ್ಜಿದೆ. 350 ರೂಪಾಯಿ ತೆಗೆದುಕೊಂಡೆ. ಅವರಿಗೆ ಎಷ್ಟು ಖುಷಿ ಆಯಿತೆಂದರೆ ಆ ದೀಪಾವಳಿಗೆ ಒಂದು ಡಬ್ಬ ಮೈಸೂರು ಪಾಕು ತಂದುಕೊಟ್ಟರು.

ಆ ಕಂದು ಡಯಲ್‌ಗೆ ಇವತ್ತು ಸಂಗ್ರಹಕಾರರು ಇಟ್ಟಿರುವ ಹೆಸರು ಟ್ರಾಪಿಕಲ್ ಡಯಲ್. ಅದಿದ್ದರೆ ವಾಚಿನ ಬೆಲೆ ಹೆಚ್ಚುತ್ತದೆ. ಸತ್ತ ಹೊಳಪಿನ ಕೆನೆಬಣ್ಣಕ್ಕೂ ಬೆಲೆ. ಚೂಪಾಗಿ ಉಳಿದ ಕೇಸಿನ ಮೂಲೆಗೂ ಬೆಲೆ. ನಾನು ಒಂದೇ ವಾರದಲ್ಲಿ ಮೂರನ್ನೂ ಅಳಿಸಿಬಿಟ್ಟಿದ್ದೆ. ಲೆಕ್ಕ ಹಾಕಿದರೆ ಈಗಲೂ ನಿದ್ದೆ ಹಾರುತ್ತದೆ, ಅದಕ್ಕೇ ಹಾಕುವುದಿಲ್ಲ. ಯಜಮಾನರು ಈಗಿಲ್ಲ. ಮೈಸೂರು ಪಾಕು ಮಾತ್ರ ತುಂಬಾ ಚೆನ್ನಾಗಿತ್ತು.

ಆಗ ಎಲ್ಲರೂ ಹೀಗೇ ಮಾಡುತ್ತಿದ್ದರು, ನಾನೊಬ್ಬನೇ ದಡ್ಡನಲ್ಲ. ಕಂಪನಿಗಳ ಸರ್ವಿಸ್ ಸೆಂಟರ್‌ಗಳೇ ಮಾಸಿದ ಡಯಲ್ ತೆಗೆದು ಹೊಸದನ್ನು ಕೂರಿಸಿ ಕಳಿಸುತ್ತಿದ್ದವು. ವಾಚು ಅಂದರೆ ಸಮಯ ನೋಡುವ ಸಾಮಾನು. ಮಾಸಿದರೆ ತಿಕ್ಕಬೇಕು, ಅಷ್ಟೆ. ಹಾಗೆ ಎಲ್ಲರೂ ತಿಕ್ಕಿದ್ದರಿಂದಲೇ ತಿಕ್ಕದೆ ಉಳಿದವು ಅಪರೂಪವಾದವು. ನನ್ನ ಮಟ್ಟಿಗೆ ಈ ಬೆಲೆ ಏರಿಕೆಯ ಅರ್ಧ ಕಥೆ ಇಲ್ಲಿದೆ.

ಇನ್ನರ್ಧಕ್ಕೆ ನ್ಯೂಯಾರ್ಕಿಗೆ ಹೋಗೋಣ. 1963ರಲ್ಲಿ ರೋಲೆಕ್ಸ್ ಡೇಟೋನಾ ಅನ್ನುವ ವಾಚು ಬಂತು. ಕಾರ್ ರೇಸಿನವರಿಗೆಂದು ಮಾಡಿದ್ದು, ಕೀ ಕೊಡುವ ಮಶೀನು. ಇನ್ನೂರು ಮುನ್ನೂರು ಡಾಲರಿಗೆ ಸಿಗುತ್ತಿತ್ತು. ಅದರಲ್ಲೇ ಒಂದು ಬಗೆಯ ಡಯಲ್ ಇತ್ತು, ಒಳಗಿನ ಸಣ್ಣ ವೃತ್ತಗಳ ಗೆರೆಗಳ ತುದಿಯಲ್ಲಿ ಪುಟ್ಟ ಪುಟ್ಟ ಚೌಕ. ಜನಕ್ಕೆ ಅದು ಹಿಡಿಸಲಿಲ್ಲ. ಅಂಗಡಿಗಳಲ್ಲಿ ಧೂಳು ತಿನ್ನುತ್ತಾ ಕೂತಿತ್ತು.

ಅಂಥದ್ದೇ ಒಂದನ್ನು ನಟ ಪಾಲ್ ನ್ಯೂಮನ್‌ಗೆ ಅವರ ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟರು. ನ್ಯೂಮನ್‌ಗೆ ರೇಸಿನ ಹುಚ್ಚು. ಹಾಗಾಗಿ ವಾಚಿನ ಹಿಂದೆ ಹುಷಾರಾಗಿ ಓಡಿಸು ಅಂತ ಕೆತ್ತಿಸಿ, ಕೆಳಗೆ ಹೆಸರಿನ ಬದಲು ನಾನು ಅಂತಷ್ಟೇ ಹಾಕಿಸಿದ್ದರು. 1984ರಲ್ಲಿ ನ್ಯೂಮನ್ ಆ ವಾಚನ್ನು ಮಗಳ ಸ್ನೇಹಿತನೊಬ್ಬನಿಗೆ ಕೊಟ್ಟುಬಿಟ್ಟರು. ಆ ಹುಡುಗ ಇವರ ಮನೆಯಲ್ಲಿ ಮರದ ಮೇಲಿನ ಅಟ್ಟಣಿಗೆ ರಿಪೇರಿ ಮಾಡುತ್ತಿದ್ದ. ಟೈಮ್ ಎಷ್ಟಪ್ಪ ಅಂದರೆ ವಾಚಿಲ್ಲ ಅಂದ. ತಗೋ, ಕೀ ಕೊಟ್ಟರೆ ಸರಿಯಾಗಿ ಓಡುತ್ತೆ ಎಂದು ಕೈಯಿಂದ ಬಿಚ್ಚಿ ಕೊಟ್ಟರಂತೆ. 2017ರ ಅಕ್ಟೋಬರ್‌ನಲ್ಲಿ ಅದು ನ್ಯೂಯಾರ್ಕಿನಲ್ಲಿ ಫಿಲಿಪ್ಸ್ ಅನ್ನುವ ಸಂಸ್ಥೆಯ ಹರಾಜಿಗೆ ಬಂತು. ಮೊದಲ ಕೂಗೇ 1 ಕೋಟಿ ಡಾಲರ್. ಕೊನೆಗೆ ನಿಂತದ್ದು 1 ಕೋಟಿ 77 ಲಕ್ಷ ಡಾಲರಿಗೆ. ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ. ಯಾರೂ ಕೊಳ್ಳದ ಡಯಲ್ ಇದು, ನೆನಪಿರಲಿ.

ಮಧ್ಯೆ ಒಂದು ದೊಡ್ಡ ಗಾಳಿ ಬೀಸಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ವಾಚು ಮಾರಾಟಕ್ಕಿಟ್ಟಿತು. ಬೆಲೆ ನಾಲ್ಕೂವರೆ ಲಕ್ಷ ಯೆನ್, ಆಗ ಅಲ್ಲಿ ಅಷ್ಟಕ್ಕೆ ಒಂದು ಕಾರೇ ಬರುತ್ತಿತ್ತು. ಹತ್ತು ಹದಿನೈದು ವರ್ಷದಲ್ಲಿ ಅದೇ ತಂತ್ರ ಇಡ್ಲಿ ಕಾಫಿ ದುಡ್ಡಿಗೆ ಬಂತು. ಸೆಲ್ಲು ಹಾಕಿದರೆ ಸಾಕು, ಕೀ ಕೊಡೋ ಗೋಜಿಲ್ಲ. ಸ್ವಿಟ್ಜರ್‌ಲೆಂಡಿನ ವಾಚ್ ಉದ್ಯಮದಲ್ಲಿ 1970ರ ಹೊತ್ತಿಗೆ ಸುಮಾರು 90,000 ಜನ ಕೆಲಸದಲ್ಲಿದ್ದರು, ಎಂಬತ್ತರ ದಶಕದ ನಡುವಿಗೆ ಉಳಿದದ್ದು ಅದರಲ್ಲಿ ಮೂರನೇ ಒಂದು ಭಾಗ. ಹಳೇ ಮಶೀನಿನ ವಾಚುಗಳನ್ನು ಜನ ಡ್ರಾಯರಿಗೆ ಎಸೆದರು. ಇಟಲಿಯ ಕೆಲವರಿಗೆ ಮಾತ್ರ ಆ ಹೊತ್ತಿನಲ್ಲೇ ಹಳೇ ರೋಲೆಕ್ಸ್ ಮೇಲೆ ಕಣ್ಣು ಬಿತ್ತು, ಕಡಿಮೆ ದುಡ್ಡಿಗೆ ಹುಡುಕಿ ಹುಡುಕಿ ತಂದಿಟ್ಟುಕೊಂಡರು. 1989ರಲ್ಲಿ ಪಟೆಕ್ ಫಿಲಿಪ್ ಅನ್ನುವ ಸ್ವಿಸ್ ವಾಚ್ ಕಂಪನಿಗೆ 150 ವರ್ಷ ತುಂಬಿತು. ಜಿನೀವಾದಲ್ಲಿ ಅದರ ವಾಚುಗಳದ್ದೇ ಒಂದು ದೊಡ್ಡ ಹರಾಜು ನಡೆಯಿತು. ಹಳೇ ವಾಚು ಅಂದರೆ ಹಳೇ ಸಾಮಾನಲ್ಲ ಅಂತ ದುಡ್ಡಿದ್ದವರಿಗೆ ಗೊತ್ತಾಗಿದ್ದು ಹೆಚ್ಚುಕಡಿಮೆ ಆಗಿನಿಂದ. ಆಮೇಲೆ ಇಂಟರ್‌ನೆಟ್ ಬಂತು, ಜಿನೀವಾದಲ್ಲಿ ಕೂಗಿದ್ದು ಸಿಂಗಾಪುರಕ್ಕೂ ಕೇಳಿಸಿತು.

ಇನ್ನೊಂದು ತಮಾಷೆ ಇದೆ. ನಮ್ಮ ಕಡೆ ವಾಚು ಅಂದರೆ ಚಿನ್ನದ ಬಣ್ಣ ಇರಬೇಕು. ಅಳಿಯನಿಗೆ ವಾಚು ಉಂಗುರ ಕೊಡುವಾಗ ಬಿಳಿ ವಾಚು ಕೊಟ್ಟರೆ ಬೀಗರ ಮುಖ ಗಂಟು. ಪಟೆಕ್ ಫಿಲಿಪ್ ಕೊಳ್ಳುವವರೂ ಹಿಂದೆ ಹಾಗೇ ಇದ್ದರು. 1941ರಲ್ಲಿ ಅವರು 1518 ಅನ್ನುವ ಮಾದರಿ ತಂದರು. ಕ್ಯಾಲೆಂಡರು, ಚಂದ್ರನ ಕಲೆ, ಸ್ಟಾಪ್ ವಾಚು ಎಲ್ಲ ಒಂದರಲ್ಲೇ. ಒಟ್ಟು ಮಾಡಿದ್ದು 281. ಬಹುಪಾಲು ಚಿನ್ನದ್ದು. ಸ್ಟೀಲಿನಲ್ಲಿ ಇರುವುದು ಗೊತ್ತಾಗಿರುವುದು ನಾಲ್ಕೇ ನಾಲ್ಕು. ಅಷ್ಟು ದುಬಾರಿ ಮಶೀನನ್ನು ಸ್ಟೀಲಿನಲ್ಲಿ ಕೊಳ್ಳುವವರು ಯಾರು ಹೇಳಿ! ಈಗ ಸ್ಟೀಲಿನದಕ್ಕೇ ಎಲ್ಲಕ್ಕಿಂತ ಹೆಚ್ಚು ಬೆಲೆ. 2016ರಲ್ಲಿ ಒಂದು 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಅದೇ ವಾಚು 2025ರ ನವೆಂಬರ್‌ನಲ್ಲಿ ಮತ್ತೆ ಹರಾಜಿಗೆ ಬಂದು 1 ಕೋಟಿ 41 ಲಕ್ಷ 90 ಸಾವಿರ ಫ್ರಾಂಕ್ ತಂದಿತು. ಎಲ್ಲಕ್ಕೂ ಮೇಲಿನ ದಾಖಲೆಯೂ ಸ್ಟೀಲಿನದ್ದೇ. 2019ರಲ್ಲಿ ಧರ್ಮಕಾರ್ಯದ ಹರಾಜೊಂದರಲ್ಲಿ ಪಟೆಕ್‌ನ ಒಂದು ಹೊಸ ವಾಚು 3 ಕೋಟಿ 10 ಲಕ್ಷ ಫ್ರಾಂಕ್ ಮುಟ್ಟಿತು.

ಸರಿ. ಇಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಜಾಸ್ತಿ ಇದ್ದೀರಿ. ಹಾಗಾಗಿ ಬಡ್ಡಿ ಲೆಕ್ಕ ಹಾಕೋಣ. ಕಾಗದದ ಮೇಲೆ ಮನೆಯಲ್ಲೇ ಮಾಡಿಕೊಂಡು ಬಂದಿದ್ದೇನೆ.

ಹೆನ್ರಿ ಗ್ರೇವ್ಸ್ ಅಂತ ನ್ಯೂಯಾರ್ಕಿನ ಒಬ್ಬ ಸಾಹುಕಾರ. ಪಟೆಕ್ ಫಿಲಿಪ್‌ಗೆ ಹೇಳಿ ಒಂದು ಜೇಬುಗಡಿಯಾರ ಮಾಡಿಸಿದ. 1925ರಲ್ಲಿ ಹೇಳಿದ್ದು, ಕೈಗೆ ಬಂದದ್ದು 1933ರಲ್ಲಿ. ಅದರಲ್ಲಿ 24 ಬಗೆಯ ಕೆಲಸ. ಅವನ ಮನೆಯ ಮೇಲೆ ಕಾಣುವ ನಕ್ಷತ್ರಗಳ ನಕ್ಷೆಯೂ ಇತ್ತು. ಆಗ ಆದ ಖರ್ಚು ಸುಮಾರು 15,000 ಡಾಲರ್. 1999ರಲ್ಲಿ ಅದು 1 ಕೋಟಿ 10 ಲಕ್ಷ ಡಾಲರಿಗೆ ಮಾರಾಟವಾಯಿತು. 700 ಪಟ್ಟಿಗೂ ಹೆಚ್ಚು! ಅಬ್ಬಾ ಅನ್ನಿಸುತ್ತೆ ಅಲ್ವಾ? ಆದರೆ 66 ವರ್ಷಕ್ಕೆ ಚಕ್ರಬಡ್ಡಿ ಹಾಕಿ ನೋಡಿ. ವರ್ಷಕ್ಕೆ ನೂರಕ್ಕೆ ಹತ್ತೂವರೆ. ನಮ್ಮ ಫಿಕ್ಸೆಡ್ ಡಿಪಾಸಿಟ್ ಒಂದು ಕಾಲದಲ್ಲಿ ಕೊಡುತ್ತಿದ್ದ ಬಡ್ಡಿ. ದೊಡ್ಡ ಸಂಖ್ಯೆ ಕೇಳಿದ ತಕ್ಷಣ ನಾವು ವರ್ಷ ಎಣಿಸುವುದನ್ನು ಮರೆಯುತ್ತೇವೆ. (ಇಲ್ಲಿ ಮುಂದಿನ ಸಾಲಿನ ಒಬ್ಬರು, ಡಾಲರಿನಲ್ಲಿ ಹತ್ತೂವರೆ ಅಂದರೆ ಸಣ್ಣದಲ್ಲ ಸ್ವಾಮಿ, ಎಂದು ತಿದ್ದಿದರು. ನಿಜ, ಒಪ್ಪಿದೆ.)

ಅದೇ ಗಡಿಯಾರ 2014ರಲ್ಲಿ ಮತ್ತೆ ಹರಾಜಿಗೆ ಬಂತು. ಈ ಸಲ 2 ಕೋಟಿ 40 ಲಕ್ಷ ಡಾಲರ್. 15 ವರ್ಷದಲ್ಲಿ ಎರಡು ಪಟ್ಟು ಚಿಲ್ಲರೆ. ಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಐದು ಚಿಲ್ಲರೆ. ಇನ್ನು ಆ ಸ್ಟೀಲ್ 1518 ತೆಗೆದುಕೊಳ್ಳಿ. 9 ವರ್ಷದಲ್ಲಿ 110 ಲಕ್ಷದಿಂದ 142 ಲಕ್ಷ ಫ್ರಾಂಕ್. ವರ್ಷಕ್ಕೆ ಮೂರಕ್ಕೂ ಕಡಿಮೆ. ಸೇವಿಂಗ್ಸ್ ಖಾತೆ ಬಡ್ಡಿ ಸ್ವಾಮಿ! ಅದರಲ್ಲೂ ಪೇಪರಿನಲ್ಲಿ ಬರುವ ಬೆಲೆಯೊಳಗೆ ಹರಾಜು ಸಂಸ್ಥೆಯ ಕಮಿಷನ್ ಸೇರಿರುತ್ತದೆ, ಸಾಮಾನ್ಯವಾಗಿ ಕೂಗಿನ ಬೆಲೆಯ ಮೇಲೆ ಕಾಲು ಭಾಗದ ಆಸುಪಾಸು. ಮಾರಿದವನ ಕೈಗೆ ಅಷ್ಟೂ ಬರುವುದಿಲ್ಲ. ಮೇಲೆ ಇನ್ಶೂರೆನ್ಸು, ಲಾಕರು, ಸರ್ವಿಸು.

ಆದರೆ ಇದೇ 1518ರ ಲೆಕ್ಕವನ್ನು ರೂಪಾಯಿಗೆ ತಿರುಗಿಸಿದರೆ ಬೇರೆಯೇ ಕಾಣುತ್ತದೆ. 2016ರಲ್ಲಿ ಅದು ಸುಮಾರು 75 ಕೋಟಿ. 2025ರಲ್ಲಿ ಸುಮಾರು 156 ಕೋಟಿ. ಎರಡರಷ್ಟಾಯಿತು! ವಾಚು ಏರಿದ್ದು ಸ್ವಲ್ಪ, ಮಿಕ್ಕಿದ್ದು ನಮ್ಮ ರೂಪಾಯಿ ಇಳಿದದ್ದು. ನಲವತ್ತು ವರ್ಷದ ಹಿಂದೆ ದುಬೈಯಿಂದ ಭಾವ ತಂದ ವಾಚು ಈಗ ಎಷ್ಟೋ ಪಟ್ಟು ಆಗಿದೆ ಅಂತ ಹೇಳುವಾಗ ಇದನ್ನೂ ಒಂಚೂರು ಕಳೆಯಿರಿ.

ಇಷ್ಟು ಹೇಳುವ ಹೊತ್ತಿಗೆ ಹಿಂದಿನಿಂದ ಒಬ್ಬರು ಅಮ್ಮ "ಅದರ ಬದಲು ಚಿನ್ನ ತಗೊಂಡಿದ್ರೆ?" ಎಂದರು. ಸಭೆ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಪ್ರಶ್ನೆ ಸರಿಯಾಗೇ ಇದೆ. 1970ರಲ್ಲಿ 10 ಗ್ರಾಂ ಚಿನ್ನ 200 ರೂಪಾಯಿಯ ಒಳಗೆ ಸಿಗುತ್ತಿತ್ತು. 2025ರಲ್ಲಿ ಅದು ಲಕ್ಷ ದಾಟಿತು. ವರ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡರ ಬಡ್ಡಿ. ಡಯಲ್ ಕಂದಾಗುವ ಭಯ ಇಲ್ಲ, ನನ್ನಂಥವನು ಉಜ್ಜಿ ಕೆಡಿಸುವ ಭಯವೂ ಇಲ್ಲ. ನಿಮ್ಮ ಮಾತೇ ಗೆದ್ದಿತು ಅಮ್ಮ, ಎಂದೆ. ಸಾವಿರಾರು ವಾಚುಗಳಲ್ಲಿ ಗೆಲ್ಲುವುದು ಬೆರಳೆಣಿಕೆಯಷ್ಟು. ಪೇಪರಿನಲ್ಲಿ ಬರುವುದು ಆ ಗೆದ್ದವು ಮಾತ್ರ. ಒಬ್ಬ ನ್ಯೂಮನ್ ಕೈಯಲ್ಲಿದ್ದ ಡೇಟೋನಾ ಒಂದೇ, ಅದೇ ಕಾಲದ ಬೇರೆ ಕಂಪನಿಗಳ ಒಳ್ಳೊಳ್ಳೆ ವಾಚುಗಳನ್ನು ಈಗಲೂ ಕೇಳುವವರಿಲ್ಲ. ನನ್ನ ಡ್ರಾಯರಿನಲ್ಲೇ ಹತ್ತಾರಿವೆ.

ಕೊರೊನಾ ಕಾಲದ ಹುಚ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಯಲ್ಲಿ ಕೂತ ಜನ, ಕೈಯಲ್ಲಿ ದುಡ್ಡು, ಕ್ರಿಪ್ಟೊ ಲಾಭ. 2021ರ ಡಿಸೆಂಬರ್‌ನಲ್ಲಿ ಪಟೆಕ್‌ನ ತಿಳಿನೀಲಿ ಡಯಲ್‌ನ ನಾಟಿಲಸ್ ಬಂತು, ಮಾಡಿದ್ದೇ 170. ಅಂಗಡಿ ಬೆಲೆ ಸುಮಾರು 52,600 ಡಾಲರ್. ಮೊದಲನೆಯದು ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು. ಆಗ ನಮ್ಮ ಸಾಫ್ಟ್‌ವೇರ್ ಹುಡುಗರೂ ಬಂದು ಹೊಸ ವಾಚನ್ನು ಪ್ಲಾಸ್ಟಿಕ್ ಕವರ್ ಸಮೇತ ತೋರಿಸಿ "ಅಂಕಲ್, ಇದು ಡಬಲ್ ಆಗುತ್ತೆ" ಅನ್ನುತ್ತಿದ್ದರು. 2022ರ ಏಪ್ರಿಲ್ ಆಸುಪಾಸಿನಿಂದ ಇಳಿಯಲು ಶುರುವಾಯಿತು. ಈಗ ಆ ಕವರ್ ಬಿಚ್ಚಿ ಕೈಗೆ ಕಟ್ಟಿಕೊಂಡಿದ್ದಾರೆ, ಒಳ್ಳೆಯದೇ ಆಯಿತು. ಸರ್ಕಾರದ ಕಣ್ಣೂ ಈ ಕಡೆ ಇದೆ: 2025ರ ಏಪ್ರಿಲ್ 22ರಿಂದ 10 ಲಕ್ಷಕ್ಕೆ ಮೇಲ್ಪಟ್ಟ ವಾಚು ಕೊಂಡರೆ ಅಂಗಡಿಯವರೇ ನೂರಕ್ಕೆ ಒಂದು ತೆರಿಗೆ ಹಿಡಿದುಕೊಳ್ಳುತ್ತಾರೆ. ನನ್ನ ಗಿರಾಕಿಗಳಿಗೆ ಆ ಚಿಂತೆ ಇಲ್ಲ.

ಈಗ ನಮ್ಮೂರಿನ ವಿಷಯ. ಸ್ವಿಸ್ ಕಥೆ ಹೇಳಿ ಎಚ್‌ಎಂಟಿ ಹೇಳದೆ ಹೋದರೆ ಅದರ ಕಾರ್ಖಾನೆ ಇದ್ದ ಜಾಲಹಳ್ಳಿಯವರು ನನ್ನನ್ನು ಬಿಡುವುದಿಲ್ಲ.

1953ರಲ್ಲಿ ಎಚ್‌ಎಂಟಿ ಹುಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಕಾಂಚನ್. ನಮ್ಮಪ್ಪನ ಅಂಗಡಿಗೆ ಬರುತ್ತಿದ್ದ ಹತ್ತರಲ್ಲಿ ಏಳೆಂಟು ಇವೇ. ಮಶೀನು ಬಿಚ್ಚಿದರೆ ಸಾಕು, ಕಣ್ಣುಮುಚ್ಚಿ ಜೋಡಿಸುತ್ತಿದ್ದರು. ಲಾಲ್‌ಬಾಗಿನ ಹೂವಿನ ಗಡಿಯಾರವೂ ಎಚ್‌ಎಂಟಿ ಕೊಟ್ಟದ್ದೇ. ಏಳು ಮೀಟರ್ ಅಗಲ. ಅದರ ಮುಂದೆ ಫೋಟೊ ತೆಗೆಸಿಕೊಳ್ಳದ ಬೆಂಗಳೂರಿನವರು ಕಡಿಮೆ. ಕಾಂಚನ್ ಸಿಗಬೇಕಾದರೆ ಮದುವೆ ಮನೆಯವರು ಶಿಫಾರಸು ಹಿಡಿಯುತ್ತಿದ್ದ ಕಾಲವಿತ್ತು. ಆಮೇಲೆ ಟೈಟಾನ್ ಬಂತು, ಕ್ವಾರ್ಟ್ಜ್ ಬಂತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಸ್ವಿಸ್‌ನವರನ್ನು ಹೊಡೆದ ಗಾಳಿಯೇ ಇಲ್ಲಿಗೂ ಬಂತು, ಸ್ವಲ್ಪ ತಡವಾಗಿ. ಅವರಲ್ಲಿ ಕೆಲವರು ಎದ್ದು ನಿಂತು ಕೀ ಕೊಡುವ ವಾಚನ್ನೇ ಶ್ರೀಮಂತರ ಒಡವೆ ಮಾಡಿದರು. ನಮ್ಮವರಿಗೆ ಆಗಲಿಲ್ಲ. ಅದರ ಕಾರಣ ಹೇಳಲು ಹೊರಟರೆ ಇಲ್ಲಿ ಕೂತಿರುವ ಹಳೇ ಕಾರ್ಮಿಕರಲ್ಲೇ ನಾಲ್ಕು ಪಂಗಡ ಆಗುತ್ತದೆ, ಬೇಡ.

ಮುಚ್ಚುವ ಸುದ್ದಿ ಬಂದಾಗ ಜನ ಮುಗಿಬಿದ್ದರು. ಕೆಲವು ನೂರು ರೂಪಾಯಿಯ ಜನತಾ, ಪೈಲಟ್ ಈಗ ಸಾವಿರಗಳಲ್ಲಿದೆ. ಒಳ್ಳೆಯ ಸ್ಥಿತಿಯಲ್ಲಿರುವ ಅಪರೂಪದ ಡಯಲ್ ಆದರೆ ಇನ್ನೂ ಮೇಲೆ. ಆದರೆ "ನಮ್ಮ ಎಚ್‌ಎಂಟಿಗೂ ಕೋಟಿ ಬರುತ್ತಾ?" ಅಂತ ಕೇಳಬೇಡಿ. ಎಚ್‌ಎಂಟಿ ಮಾಡಿದ ವಾಚು 10 ಕೋಟಿಗೂ ಜಾಸ್ತಿ. ಆ ಪಟೆಕ್ 1518 ಮಾಡಿದ್ದು 281. ಇಷ್ಟು ಹೇಳಿದರೆ ಸಾಕಲ್ಲ.

ಇದರಲ್ಲೂ ನನ್ನ ಹಳೇ ಪಾಪ ಬೆನ್ನಟ್ಟಿ ಬಂದಿದೆ. ಆನ್‌ಲೈನಿನಲ್ಲಿ ನೋಡಿ, ಮಿರಮಿರ ಮಿಂಚುವ ಎಚ್‌ಎಂಟಿಗಳು. ಕೆಂಪು ಡಯಲ್, ಹಸಿರು ಡಯಲ್, ಗುಲಾಬಿ ಡಯಲ್, ಗಾಂಧೀಜಿ ಚಿತ್ರದ ಡಯಲ್. ಬಹುಪಾಲು ಹಳೇ ಡಯಲ್‌ಗೆ ಹೊಸ ಬಣ್ಣ ಬಳಿದು ಅಚ್ಚು ಹಾಕಿದ್ದು. ಕೇಸು ಒಂದರದ್ದು, ಮಶೀನು ಇನ್ನೊಂದರದ್ದು, ಮುಳ್ಳು ಮತ್ತೊಂದರದ್ದು. ಸಂಗ್ರಹಕಾರರು ಇಂಥವನ್ನು ಮುಂಬೈ ಸ್ಪೆಷಲ್ ಎಂದು ಕರೆದು ನಗುತ್ತಾರೆ. ಕೊಳ್ಳುವ ಮುಂಚೆ ಒಂದು ದಪ್ಪ ಗಾಜು ಹಿಡಿದು ಅಕ್ಷರ ನೋಡಿ. ಕಾರ್ಖಾನೆಯ ಅಚ್ಚಿನ ಅಂಚು ಕತ್ತರಿಸಿದ ಹಾಗಿರುತ್ತದೆ. ಬಳಿದದ್ದರ ಅಂಚು ಮಳೆಯಲ್ಲಿ ನೆನೆದ ಕುಂಕುಮದ ಹಾಗೆ ಹರಡಿರುತ್ತದೆ. ಐವತ್ತು ವರ್ಷದ ವಾಚಿನಲ್ಲಿ ಡಯಲ್ ಮಾತ್ರ ಹೊಸದಾಗಿ, ಹಿಂದಿನ ಮುಚ್ಚಳ ಸವೆದಿದ್ದರೆ, ಮಾರುವವನ ಮುಖ ನೋಡಿ. ಸಂಡೇ ಬಜಾರಿನಲ್ಲಿ ಕೊಂಡರೆ ಇನ್ನೂ ಹುಷಾರು. ಅಲ್ಲಿ ನಾನೇ ಎರಡು ಸಲ ಮೋಸ ಹೋಗಿದ್ದೇನೆ, ಅದರಲ್ಲಿ ಒಂದು ಸಲ ನನ್ನದೇ ಹಳೇ ಕೆಲಸಕ್ಕೆ!

ಹೌದು, ಮುಚ್ಚಳದ ಒಳಗೆ ನೋಡಿದಾಗ ಗೊತ್ತಾಯಿತು. ರಿಪೇರಿಯವರು ಸರ್ವಿಸ್ ಮಾಡಿದಾಗ ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ತಮ್ಮ ಗುರುತು, ತಾರೀಕು ಗೀಚುತ್ತಾರೆ. ಹಿಂದೆ ಇದು ಬರೀ ನಮ್ಮ ಲೆಕ್ಕಕ್ಕೆ. ಆರು ತಿಂಗಳೊಳಗೆ ಗಿರಾಕಿ ಜಗಳಕ್ಕೆ ಬಂದರೆ ತೋರಿಸಲು. ಈಗ ಕೊಳ್ಳುವವರು ಅದನ್ನೂ ಓದುತ್ತಾರೆ. ಡಬ್ಬ, ಬಿಲ್ಲು, ಗ್ಯಾರಂಟಿ ಕಾರ್ಡು ಇದ್ದರಂತೂ ದುಬಾರಿ ವಾಚಿನ ಬೆಲೆ ಎಷ್ಟೋ ಏರುತ್ತದೆ. ನಮ್ಮಮ್ಮ ವಾಚಿನ ಡಬ್ಬಗಳಲ್ಲಿ ಗುಂಡಿ, ಸೂಜಿ ಇಟ್ಟುಕೊಳ್ಳುತ್ತಿದ್ದರು. ಖಾಲಿ ಡಬ್ಬಕ್ಕೇ ಸಾವಿರಾರು ರೂಪಾಯಿ ಕೊಡುವವರಿದ್ದಾರೆ ಅಂತ ಈಗ ಹೇಳಿದರೆ ಅವರು ನನಗೇ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಮಾತು ಮುಗಿದ ಮೇಲೆ ಚಿನ್ನದ ಪ್ರಶ್ನೆ ಕೇಳಿದ ಅಮ್ಮ ಮೇಜಿನ ಹತ್ತಿರ ಬಂದರು. ಪರ್ಸಿನಿಂದ ಕರ್ಚೀಫು ಬಿಚ್ಚಿ ಒಂದು ಎಚ್‌ಎಂಟಿ ಕೊಹಿನೂರ್ ತೆಗೆದರು. ಯಜಮಾನರದ್ದಂತೆ, ಮದುವೆಯಲ್ಲಿ ಕೊಟ್ಟದ್ದು. ಡಯಲ್ ಮೂಲದ್ದೇ, ಅಂಚಿನಲ್ಲಿ ಸ್ವಲ್ಪ ಹಳದಿ. ಕೇಸನ್ನು ಯಾರೂ ಉಜ್ಜಿಲ್ಲ. ಗ್ಲಾಸಿನ ಮೇಲೆ ಮಾತ್ರ ಅಡ್ಡಡ್ಡ ಗೀರು. ಸುತ್ತ ಇದ್ದವರೆಲ್ಲ ಬಗ್ಗಿ ನೋಡಿದರು. "ಅಮ್ಮ, ಇದು ಹೀಗೇ ಇರಲಿ. ಗ್ಲಾಸೂ ಮೂಲದ್ದೇ ಇದೆ, ಏನೂ ಮುಟ್ಟಬೇಡಿ" ಎಂದೆ, ಈಗ ತಾನೇ ಪಾಠ ಹೇಳಿದ ಗತ್ತಿನಲ್ಲಿ.

"ಅದೆಲ್ಲ ಸರಿ ಕಣಪ್ಪ" ಎಂದರು ಅವರು. "ನಾನು ದಿನಾ ಕಟ್ಕೊಳ್ಳೋದು ಇದನ್ನೇ. ಗೀರಿನಲ್ಲಿ ಮುಳ್ಳೇ ಕಾಣಿಸ್ತಿಲ್ಲ. ಗ್ಲಾಸು ಬದಲಾಯಿಸಿ ಕೊಡೋಕಾಗುತ್ತಾ ಇಲ್ವಾ?"

ಸೋಮವಾರ ಬೆಳಗ್ಗೆ ಅಂಗಡಿಗೆ ಬಂದರು. ಹೊಸ ಗ್ಲಾಸು ಹಾಕಿ, ಹಳೆಯದನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕೈಗಿಟ್ಟೆ. 120 ರೂಪಾಯಿ ಎಂದೆ, ನೂರು ಕೊಟ್ಟು ಹೋದರು.